ನಾನು ಕತ್ತರಿಸಿದ ಮದುವೆ

ಗಿರಿಜೆಯ ಮದುವೆ ನಡೆದಿತ್ತು. ನಡೆದೇ ಇಲ್ಲ ಎಂದು ನಿಮ್ಮೆಲ್ಲರನ್ನೂ ನಂಬಿಸಿದವನು ನಾನು. ನಾಲಿಗೆಯಿಂದ ಆಮೇಲೆ— ಮೊದಲು ಕೈಯಿಂದ. ಎರಡು ವಿಸಿಆರ್‌ಗಳ ಮುಂದೆ ಕುಳಿತು, ಮನಸ್ಸಿಟ್ಟು, ಬಹಳ ಚೆನ್ನಾಗಿ.

‘ಚೆನ್ನಾಗಿ’ ಎಂಬ ಮಾತನ್ನು ಬೇಕೆಂದೇ ಬರೆದೆ. ಅವಸರದಲ್ಲಿ ಮಾಡಿದ ತಪ್ಪು, ಹೆದರಿ ಮಾಡಿದ ತಪ್ಪು ಎಂದು ಯಾರೂ ನನ್ನ ಮೇಲೆ ಕನಿಕರ ಪಡಬಾರದು. ಅಂದು ಮುಂಬೈನ ಆಂಟಾಪ್ ಹಿಲ್‌ನ ಶಾಲೆಯ ಕೋಣೆಯಲ್ಲಿ ಟಿವಿಯ ಮುಂದೆ ಕುಳಿತಿದ್ದವರಲ್ಲಿ ಕೆಲವರಾದರೂ ಇದನ್ನು ಓದುತ್ತೀರಿ. ಓದಲೆಂದೇ ಬರೆಯುತ್ತಿದ್ದೇನೆ. ಉಳಿದವರಿಗೆ ಏನೂ ಗೊತ್ತಿಲ್ಲ. ಅವರಿಗಾಗಿ ಮೊದಲಿನಿಂದ ಹೇಳಬೇಕು.

ನಾವು ಮೈಸೂರಿನ ಕಡೆಯವರು. ಅಪ್ಪ ಕೆಲಸಕ್ಕೆಂದು ಮುಂಬೈಗೆ ಬಂದು ದಾದರಿನಲ್ಲಿ ಸಂಸಾರ ಹೂಡಿದರು, ನಾವು ಓದುತ್ತಿರುವಾಗಲೇ ತೀರಿಕೊಂಡರು. ಅಣ್ಣ ಶ್ರೀಧರ ಒಂದು ಖಾಸಗಿ ಕಂಪನಿಯ ಅಕೌಂಟ್ಸ್ ವಿಭಾಗ ಸೇರಿದ. ನಾನು ಕಾಲೇಜು ಅರ್ಧಕ್ಕೆ ಬಿಟ್ಟು, ದಾದರ್ ಸ್ಟೇಷನ್ನಿನ ಹತ್ತಿರ ಮದುವೆ ವಿಡಿಯೊ ಮಾಡುವ ಸ್ಟುಡಿಯೊ ಸೇರಿದೆ. ಭುಜದ ಮೇಲೆ ಹೊರುವ ಆ ಕ್ಯಾಮೆರಾ ಆಗ ಹೊಸದು. ಮಂಟಪದಲ್ಲಿ ಮದುಮಗನಿಗಿಂತ ಅದನ್ನು ಹೊತ್ತವನಿಗೇ ಜನ ಹೆಚ್ಚು ದಾರಿ ಬಿಡುತ್ತಿದ್ದರು. ‘ಸ್ವಲ್ಪ ಸರೀರಿ’ ಎಂದರೆ ಮದುಮಗಳ ತಂದೆಯೂ ಸರಿಯುತ್ತಿದ್ದ. ಅದರ ಕೊಬ್ಬು ನನಗೆ ಚೆನ್ನಾಗಿಯೇ ಇತ್ತು.

ಗಿರಿಜೆ ಅಣ್ಣನ ಆಫೀಸಿನಲ್ಲಿ ಟೆಲಿಫೋನ್ ಆಪರೇಟರ್. ಅವಳ ತಂದೆ ಮಲ್ಲಪ್ಪ, ಬಿಜಾಪುರದ ಕಡೆಯಿಂದ ಗಾರೆ ಕೆಲಸಕ್ಕೆ ಬಂದು ಮೇಸ್ತ್ರಿಯಾದವರು. ಆಂಟಾಪ್ ಹಿಲ್‌ನ ಒಂದು ಚಾಳಿನಲ್ಲಿ, ಸಾಲುಕೋಣೆಗಳ ವಠಾರದಲ್ಲಿ, ಅವರ ಮನೆ. ಅಣ್ಣನೇ ಅವಳ ಹಿಂದೆ ಬಿದ್ದ. ಇದನ್ನೂ ಬರೆಯಬೇಕು, ಏಕೆಂದರೆ ಮುಂದೆ ನಮ್ಮ ಮನೆಯಲ್ಲಿ ಇದನ್ನು ತಿರುಗಿಸಿ ಹೇಳಿದರು— ಆ ಹುಡುಗಿಯೇ ಬಲೆ ಹಾಕಿದಳು ಎಂದು. ಸುಳ್ಳು. ಲೋಕಲ್ ರೈಲಿನಲ್ಲಿ ತನ್ನ ದಾರಿ ಬಿಟ್ಟು ಅವಳ ದಾರಿಯಲ್ಲಿ ಹೋಗಿ, ಮಲ್ಲಪ್ಪನವರ ಮುಂದೆ ಕೈಕಟ್ಟಿ ನಿಂತು, ‘ನಿಮ್ಮ ಮಗಳನ್ನು ಕೊಡಿ’ ಎಂದು ಕೇಳಿದವನು ಅವನು. ನಾನು ಪಕ್ಕದಲ್ಲೇ ಇದ್ದೆ. ಬರುವಾಗ ನನ್ನನ್ನು ಕರೆದುಕೊಂಡೇ ಬಂದಿದ್ದ.

ಅಮ್ಮ ಒಪ್ಪಲಿಲ್ಲ. “ಸಿಮೆಂಟು ಕಲಸೋರ ಮನೆ ಹುಡುಗಿ ಈ ಹೊಸಿಲು ದಾಟಿದ್ರೆ ನಾನು ಆಚೆ ಹೋಗ್ತೀನಿ” ಎಂದಳು. ಅಣ್ಣ ಆಗ ಹಟದಲ್ಲಿದ್ದ. ಮದುವೆ ಮೊದಲು ಆಗಲಿ, ಅಮ್ಮನನ್ನು ಆಮೇಲೆ ಒಪ್ಪಿಸುತ್ತೇನೆ, ಅಲ್ಲಿಯವರೆಗೆ ಗಿರಿಜೆ ತಂದೆಯ ಮನೆಯಲ್ಲೇ ಇರಲಿ ಎಂದ. ಮಲ್ಲಪ್ಪ ನಂಬಿದರು. ಚಾಳಿನ ಅಂಗಳದಲ್ಲಿ ಚಪ್ಪರ ಹಾಕಿಸಿದರು. ನಮ್ಮ ಕಡೆಯಿಂದ ಹೋದವನು ನಾನೊಬ್ಬನೇ, ಸ್ಟುಡಿಯೊದ ಕ್ಯಾಮೆರಾ ಹೊತ್ತು.

ಮಲ್ಲಪ್ಪ ಒಬ್ಬ ಫೋಟೋಗ್ರಾಫರನಿಗೂ ಹೇಳಿದ್ದರು. ನಾನೇ ಅದನ್ನು ಬೇಡವೆಂದೆ. “ಫೋಟೋದವನ್ಯಾಕೆ ಮಲ್ಲಪ್ಪನವರೇ? ವಿಡಿಯೊದಲ್ಲಿ ಎಲ್ಲಾ ಬರುತ್ತೆ. ಮಧ್ಯೆ ಮಧ್ಯೆ ಬಂದು ಅಡ್ಡ ನಿಲ್ತಾನೆ ಅಷ್ಟೇ.”

“ಖರೇ ಬಿಡ್ರಿ. ಮನಿ ಹುಡುಗನ ತಗಿಯಾಕತ್ತಾನಂದ್ರ ಮತ್ತ್ಯಾಕ ಫೋಟೋದಂವಾ” ಎಂದು ನಕ್ಕರು ಅವರು.

ಮನೆ ಹುಡುಗ. ಆ ಮಾತನ್ನು ಅವರು ಎಷ್ಟು ಪ್ರೀತಿಯಿಂದ ಅಂದರು ಎಂದು ನೆನೆದರೆ ಇವತ್ತಿಗೂ— ಇರಲಿ.

ಮದುವೆ ನಡೆಯಿತು. ಅಣ್ಣ, ಗಿರಿಜೆ ಇಬ್ಬರ ಹಣೆಗೂ ಬಾಸಿಂಗ ಕಟ್ಟಿದರು. ಅಯ್ಯನವರು ಮಂತ್ರ ಹೇಳಿದರು, ಅಕ್ಕಿಕಾಳು ಬಿದ್ದವು, ಅಣ್ಣ ತಾಳಿ ಕಟ್ಟಿದ. ಗಂಟು ಹಾಕುವಾಗ ಅವನ ಬೆರಳು ನಡುಗಿದ್ದನ್ನು ನಾನು ಹತ್ತಿರದಿಂದ ತೆಗೆದೆ. ಗಿರಿಜೆ ತಲೆ ಬಗ್ಗಿಸಿಕೊಂಡೇ ಇದ್ದಳು, ಮುಖ ಸಿಗಲಿಲ್ಲವೆಂದು ಕ್ಯಾಮೆರಾದ ಹಿಂದಿನಿಂದಲೇ ಕೂಗಿದೆ: “ಅತ್ತಿಗೆ, ಈ ಕಡೆ ನೋಡಿ!” ಸುತ್ತಲಿನ ಹೆಂಗಸರು ಹೋ ಎಂದರು. ಅವಳನ್ನು ಅತ್ತಿಗೆ ಎಂದು ಮೊದಲು ಕರೆದವನು ನಾನು. ಅದೂ ಟೇಪಿನಲ್ಲಿ ದಾಖಲಾಯಿತು.

ಅದಾದ ಕೆಲವು ತಿಂಗಳು ಅಣ್ಣ ಆಂಟಾಪ್ ಹಿಲ್‌ಗೆ ಹೋಗಿ ಬರುತ್ತಿದ್ದ. ನಾನು ಟೇಪನ್ನು ಎಡಿಟ್ ಮಾಡದೆ ಮುಂದೂಡುತ್ತಲೇ ಇದ್ದೆ. ಮನೆಯ ಕೆಲಸ ತಾನೇ ಎಂಬ ಉದಾಸೀನ. ಅಷ್ಟರಲ್ಲಿ ಮಲಾಡಿನಿಂದ ಒಂದು ಸಂಬಂಧ ಬಂತು. ನಮ್ಮವರೇ, ಸ್ವಂತ ಫ್ಯಾಕ್ಟರಿ ಇದ್ದವರು. ಅಣ್ಣನಿಗೆ ಮದುವೆಯಾದದ್ದು ಅವರಿಗೆ ಗೊತ್ತಿರಲಿಲ್ಲ, ಅಮ್ಮ ಹೇಳಲಿಲ್ಲ. ಅಣ್ಣ ಮೊದಲು ಸುಮ್ಮನಿದ್ದ. ಆಮೇಲೆ ಆಂಟಾಪ್ ಹಿಲ್‌ಗೆ ಹೋಗುವುದು ಕಡಿಮೆ ಮಾಡಿದ. ಆಮೇಲೆ ನಿಲ್ಲಿಸಿದ. ಒಂದು ಮಧ್ಯಾಹ್ನ ಸ್ಟುಡಿಯೊಗೆ ಬಂದು ನನ್ನ ಪಕ್ಕದ ಸ್ಟೂಲಿನ ಮೇಲೆ ಕುಳಿತ.

“ರಘು, ಆ ಟೇಪು ಇನ್ನೂ ನಿನ್ನ ಹತ್ರಾನೇ ಇದೆಯಲ್ವಾ?”

“ಇದೆ.”

“ಯಾರಿಗೂ ತೋರಿಸಿಲ್ಲ ತಾನೇ?”

“ಇಲ್ಲ.”

“ಹಾಗಾದ್ರೆ ಅದರಲ್ಲಿ ಬರೀ ಮಾತುಕತೆ ಆದ ಹಾಗೆ ಮಾಡೋಕಾಗುತ್ತಾ?”

ಈ ಪ್ರಶ್ನೆಗೆ ಮನುಷ್ಯನಾದವನು ಏನು ಉತ್ತರ ಕೊಡಬೇಕಿತ್ತು ಎಂದು ನಿಮಗೆ ಗೊತ್ತು. ನಾನು ಕೊಟ್ಟ ಉತ್ತರ ಹೀಗಿತ್ತು: “ಆಗುತ್ತೆ. ಆದ್ರೆ ಜಾಯಿಂಟು ಕಾಣದ ಹಾಗೆ ಮಾಡೋದು ಕಷ್ಟ.”

ಕಷ್ಟ ಎಂದೆ. ತಪ್ಪು ಎನ್ನಲಿಲ್ಲ! ಏಕೆ ಎಂದು ಎಷ್ಟೋ ಸಲ ನನ್ನನ್ನೇ ಹಿಡಿದು ಕೇಳಿದ್ದೇನೆ. ಅಮ್ಮ ಅತ್ತಳೆಂದೇ? ಅತ್ತಿದ್ದಳು, ನಿಜ. ಅಣ್ಣ ಮನೆ ನಡೆಸುತ್ತಿದ್ದ ಎಂದೇ? ಅದೂ ನಿಜ. ಆದರೆ ಅವೆಲ್ಲ ಹೊರಗಿನ ಮಾತು. ಒಳಗಿದ್ದದ್ದು ಇದು: ನನಗೂ ಆ ಸಂಬಂಧ ಬೇಡವಾಗಿತ್ತು. ಆ ಅಂಗಳದಲ್ಲಿ, ಸುಣ್ಣ ಸಿಮೆಂಟಿನ ಕಲೆ ಹೋಗದ ಕೈಗಳ ಗಂಡಸರ ಸಾಲಿನಲ್ಲಿ ಕುಳಿತು ಉಣ್ಣುವಾಗ, ನನ್ನ ಸ್ನೇಹಿತರು ಯಾರಾದರೂ ನೋಡಿಬಿಟ್ಟರೆ ಎಂದು ನಾಚಿದ್ದೆ. ಒತ್ತಾಯ ಮಾಡಿ ಹೋಳಿಗೆ ಬಡಿಸಿದ ಮಲ್ಲಪ್ಪನವರ ಕೈಯನ್ನೇ ನೋಡುತ್ತಿದ್ದೆ. ಮನೆ ಹುಡುಗ!

ಆ ಕಾಲದ ಎಡಿಟಿಂಗ್ ಎಂದರೆ ಒಂದು ವಿಸಿಆರ್‌ನಲ್ಲಿ ಕ್ಯಾಮೆರಾದ ಟೇಪು ಓಡಿಸಿ, ಬೇಕಾದಷ್ಟನ್ನು ಮಾತ್ರ ಇನ್ನೊಂದರಲ್ಲಿ ಹೊಸ ಕ್ಯಾಸೆಟ್ಟಿಗೆ ಇಳಿಸಿಕೊಳ್ಳುವುದು. ತುಂಡಿಗೆ ತುಂಡು ಸೇರುವ ಕಡೆ ಚಿತ್ರ ಹಾರುತ್ತಿತ್ತು, ಗೆರೆ ಬೀಳುತ್ತಿತ್ತು. ನಾನು ಬಾಸಿಂಗ ಕಂಡ ಕಡೆಯೆಲ್ಲ ತೆಗೆದೆ. ಅಕ್ಕಿಕಾಳು ತೆಗೆದೆ. ತಾಳಿ ತೆಗೆದೆ. ಊಟದ ದೃಶ್ಯದಲ್ಲಿ ಗಿರಿಜೆಯ ಕೊರಳಲ್ಲಿ ತಾಳಿ ಕಾಣುತ್ತಿತ್ತು; ಅವಳ ಸೆರಗು ಮುಚ್ಚಿದ್ದ ಚೂರುಗಳನ್ನಷ್ಟೇ ಹುಡುಕಿ ಹುಡುಕಿ ಆರಿಸಿದೆ. ಜನ ಬಂದರು, ಇಬ್ಬರೂ ಪಕ್ಕಪಕ್ಕ ಕುಳಿತರು, ಹೆಂಗಸರು ಹಣ್ಣು ಸೀರೆ ಕೊಟ್ಟರು, ಆರತಿ ಎತ್ತಿದರು, ಎಲ್ಲರೂ ಉಂಡರು. ಉಳಿದದ್ದು ಅಷ್ಟೇ. ಊಟದ ತುಂಡಿನಲ್ಲೂ ನಾನು ಅತ್ತಿಗೆ ಎಂದು ಕರೆದದ್ದು ಕೇಳುತ್ತಿತ್ತು. ಅದರ ಮೇಲೆ ಶಹನಾಯಿ ಸುರಿದೆ. ತಾಳಿ ಕಟ್ಟಿದ ಜಾಗದಲ್ಲಿ ಗೆರೆ ಬೀಳದಂತೆ ಒಂದು ಎಫೆಕ್ಟ್ ಹಾಕಿದೆ: ಕೆಂಪು ಹೃದಯವೊಂದು ದೊಡ್ಡದಾಗುತ್ತ ಹೋಗಿ ಹೊಸ ದೃಶ್ಯ ತೆರೆದುಕೊಳ್ಳುವುದು. ಹೃದಯ! ಅಲ್ಲಿಗೆ ಅದೇ ಬೇಕಿತ್ತು ನನಗೆ.

ಮುಗಿಸಿ ಮತ್ತೆ ನೋಡಿದಾಗ ‘ಭೇಷ್’ ಅನಿಸಿತು. ಆ ಭೇಷ್‌ಗಾಗಿ ನನ್ನ ಮುಖಕ್ಕೆ ನಾನೇ ಉಗಿದುಕೊಳ್ಳಬೇಕು ಅನಿಸುತ್ತದೆ ಈಗ.

ಕ್ಯಾಮೆರಾದ ಟೇಪು ಉಳಿದಿತ್ತು. ಅದನ್ನು ವಿಸಿಆರ್‌ಗೆ ಹಾಕಿ, ಟಿವಿಯಲ್ಲಿ ಬರುತ್ತಿದ್ದ ರೈತರ ಕಾರ್ಯಕ್ರಮ ರೆಕಾರ್ಡ್ ಆಗಲು ಬಿಟ್ಟು, ಕೆಳಗೆ ಚಹಾ ಕುಡಿಯಲು ಹೋದೆ. ವಾಪಸು ಬರುವಷ್ಟರಲ್ಲಿ ಯಾರೋ ಮರಾಠಿಯಲ್ಲಿ ಈರುಳ್ಳಿಯ ರೋಗದ ಬಗ್ಗೆ ಹೇಳುತ್ತಿದ್ದರು. ಅದರ ಕೆಳಗೆ ಗಿರಿಜೆಯ ಮದುವೆ ಹೂತುಹೋಗಿತ್ತು.

ಅಣ್ಣ ಬರುವುದು ನಿಂತ ಮೇಲೆ ಮಲ್ಲಪ್ಪ ನಮ್ಮ ಮನೆಗೆ ಬಂದರು. ಅಮ್ಮ ಬಾಗಿಲು ತೆರೆಯಲಿಲ್ಲ. ಅವರು ಅಲ್ಲಿನ ಕನ್ನಡಿಗರ ಹಿರಿಯರನ್ನು ಸೇರಿಸಿದರು. ಅವರಲ್ಲಿ ಒಬ್ಬರನ್ನು ರಾಮರಾಯರೆಂದು ಕರೆಯುತ್ತೇನೆ, ನಿಜ ಹೆಸರು ಬೇಡ. ಮಧ್ಯಸ್ಥಿಕೆಗೆ ಕುಳಿತವರಲ್ಲಿ ಮುಖ್ಯರು ಅವರು. ಅವರೂ, ಅವರ ಜೊತೆ ಕುಳಿತವರೂ ನಮ್ಮಂತೆ ಆಫೀಸಿನ ಜನ. ಶಾಲೆಯ ಕೋಣೆಯೊಂದರಲ್ಲಿ ಭಾನುವಾರ ಬೆಳಿಗ್ಗೆ ಸೇರಿದರು. ಅಯ್ಯನವರು ಬಂದಿದ್ದರು, ಚಾಳಿನ ಅರ್ಧ ಜನ ಬಂದಿದ್ದರು. ಎಲ್ಲರೂ ಹೇಳಿದರು: ಮದುವೆ ಆಗಿದೆ, ನಾವು ಉಂಡಿದ್ದೇವೆ, ಅಕ್ಕಿಕಾಳು ಹಾಕಿದ್ದೇವೆ. ರಾಮರಾಯರು ಅಂದರು, “ನೀವೆಲ್ಲಾ ಅವರ ಕಡೆಯವರು. ಅವರ ಪರವಾಗಿಯೇ ಹೇಳ್ತೀರಿ. ಮೂರನೆಯವರು ಯಾರಾದ್ರೂ ಇದ್ದಾರಾ?”

ಆಗ ಮಲ್ಲಪ್ಪ ನನ್ನ ಕಡೆ ಕೈ ತೋರಿಸಿದರು. ಎಷ್ಟು ನಿರಾಳವಾಗಿ! “ಕ್ಯಾಸೆಟ್ ಐತಲ್ರಿ! ನಾವು ಸುಳ್ಳ ಹೇಳಬಹುದು, ಕ್ಯಾಸೆಟ್ ಸುಳ್ಳ ಹೇಳ್ತೈತೇನು? ಹಾಕ್ರಿ, ನೋಡಿಬಿಡ್ರಿ ಒಮ್ಮೆ.”

ಟಿವಿ ಮತ್ತು ವಿಸಿಆರ್ ಹೊತ್ತು ತಂದವನು ನಾನೇ. ತಂತಿ ಜೋಡಿಸಿದೆ, ಹಾಕಿದೆ. ಚಾಳಿನ ಹೆಂಗಸರು ತಮ್ಮನ್ನು ತಾವು ನೋಡಿ ನಕ್ಕರು. ಹಣ್ಣು, ಸೀರೆ, ಆರತಿ. ಕೆಂಪು ಹೃದಯ. ಊಟ. ಕ್ಯಾಸೆಟ್ ಮುಗಿಯಿತು.

“ತಾಳಿ ಎಲ್ಲೈತಿ?” ಎಂದರು ಮಲ್ಲಪ್ಪ. ಟಿವಿಯ ಹತ್ತಿರ ಹೋಗಿ, ಖಾಲಿ ಪರದೆಯನ್ನು ನೋಡಿ, ಮತ್ತೆ ಕೇಳಿದರು: “ತಾಳಿ ಕಟ್ಟಿದ್ದು ಎಲ್ಲೈತ್ರಿ?”

ಅಣ್ಣ ನೆಲ ನೋಡುತ್ತ ಅಂದ, “ಮಾತುಕತೆ ಅಷ್ಟೇ ಆಗಿತ್ತು. ಆಮೇಲೆ ನಮ್ಮಮ್ಮ ಒಪ್ಪಲಿಲ್ಲ.”

ರಾಮರಾಯರು ನನ್ನ ಕಡೆ ತಿರುಗಿದರು. “ರಘು, ಅಲ್ಲಿದ್ದವನು ನೀನು. ನಿನ್ನ ತಂದೆಯವರನ್ನು ನಾನು ಬಲ್ಲೆ. ನಿಜ ಹೇಳಪ್ಪ. ಮದುವೆ ಆಯಿತಾ?”

ಆಗಲೂ ಹೇಳಬಹುದಿತ್ತು. ಗಿರಿಜೆ ನನ್ನನ್ನೇ ನೋಡುತ್ತಿದ್ದಳು. ಅವಳ ಕಣ್ಣಿನಲ್ಲಿ ಅನುಮಾನವೂ ಇರಲಿಲ್ಲ ಇನ್ನೂ— ಯಂತ್ರ ಎಲ್ಲೋ ಕೈಕೊಟ್ಟಿದೆ, ರಘು ಈಗ ಹೇಳುತ್ತಾನೆ, ಎಂಬಂತೆ.

ನಾನು ಹೇಳಿದೆ: “ಕ್ಯಾಸೆಟ್‌ನಲ್ಲಿ ಇರೋದಷ್ಟೇ ಸರ್ ನಡೆದದ್ದು. ಆ ಹುಡುಗಿ ಯಾಕೆ ಹೀಗೆ ಹೇಳ್ತಿದ್ದಾಳೋ ನನಗೆ ಗೊತ್ತಿಲ್ಲ.”

ಆ ಹುಡುಗಿ.

ಗಿರಿಜೆ ಎದ್ದು ನಿಂತು ಸೆರಗಿನೊಳಗಿಂದ ತಾಳಿ ಎಳೆದು ತೋರಿಸಿದಳು. “ಹಂಗಾರ ಇದನ್ನ ಯಾರು ಕಟ್ಟಿದ್ರು?” ಹಿಂದಿನ ಸಾಲಿನಿಂದ, ನಮ್ಮ ಕಡೆಯವನೊಬ್ಬ, “ಅಂಗಡೀಲಿ ಸಿಗುತ್ತಮ್ಮ” ಎಂದ. ಕೆಲವರು ನಕ್ಕರು. ಹಾಗೆ ಅಂದವರೇ, ನೀವು ಯಾರೆಂದು ನನಗೆ ಗೊತ್ತು. ಈಗಲೂ ಸಭೆ ಸಮಾರಂಭಗಳಲ್ಲಿ ಮುಂದಿನ ಕುರ್ಚಿಯಲ್ಲಿ ಕೂರುತ್ತೀರಿ. ನನ್ನದು ದೊಡ್ಡ ಪಾಪ. ಆದರೆ ನಕ್ಕಿದ್ದು ನೀವು.

ಅವಳು ನನ್ನ ಮುಂದೆ ಬಂದು ನಿಂತಳು. ಅಳಲಿಲ್ಲ. “ಅಲ್ಲೇ ನಿಂತಿದ್ದಿ ರಘು, ನನ್ನ ಮಗ್ಗಲದಾಗ. ಕಣ್ಣಿಗಿ ಕ್ಯಾಮೆರಾ ಹಚ್ಚಿಕೊಂಡಿದ್ದಿ. ಕಣ್ಣು ಇರಲಿಲ್ಲೇನು ನಿನಗ?”

ರಾಮರಾಯರು ತೀರ್ಪು ಹೇಳಿದರು: ಮದುವೆಗೆ ಆಧಾರವಿಲ್ಲ, ಹುಡುಗನನ್ನು ಬಿಟ್ಟುಬಿಡಿ, ಹುಡುಗಿಯ ಹೆಸರು ಇನ್ನಷ್ಟು ಕೆಡಿಸಿಕೊಳ್ಳಬೇಡಿ. ಮಲ್ಲಪ್ಪ ಕೈಮುಗಿದು ಹೊರಗೆ ಹೋದರು. ಆ ಮನುಷ್ಯ ಕೈ ಮುಗಿದರು, ಇವರಿಗೆ! ಇದು ನೆನಪಾದಾಗೆಲ್ಲ ಏನನ್ನಾದರೂ ಒಡೆದು ಹಾಕಬೇಕು ಅನಿಸುತ್ತದೆ.

ಅಣ್ಣನ ಮದುವೆ ಮಲಾಡಿನ ದೊಡ್ಡ ಹಾಲಿನಲ್ಲಾಯಿತು. ಗಿರಿಜೆ ಆಫೀಸು ಬಿಟ್ಟಳೆಂದು ಕೇಳಿದೆ. ಮಲ್ಲಪ್ಪ ಆಂಟಾಪ್ ಹಿಲ್‌ನ ಕನ್ನಡದವರ ಯಾವ ಕೂಟಕ್ಕೂ ಬರುತ್ತಿರಲಿಲ್ಲವಂತೆ. ಕೆಲವು ವರ್ಷಗಳ ಮೇಲೆ ತೀರಿಕೊಂಡರಂತೆ. ಎಲ್ಲ ‘ಅಂತೆ’. ಹೋಗಿ ನೋಡುವ ಗಂಡಸುತನ ನನಗಿರಲಿಲ್ಲ.

ಮೊನ್ನೆ ಮೊನ್ನೆ ನಮ್ಮ ಸ್ಟುಡಿಯೊಗೆ ಕಂಪ್ಯೂಟರ್ ಬಂತು. ವಿಸಿಆರ್‌ನಿಂದ ತಂತಿ ಎಳೆದು ಅದಕ್ಕೆ ಕೊಟ್ಟರೆ ಕ್ಯಾಸೆಟ್ಟಿನ ಚಿತ್ರ ಅದರೊಳಗೆ ಹೋಗಿ ಕೂರುತ್ತದೆ. ಒಂದೊಂದು ಸಲಕ್ಕೆ ಒಂದು ಚೂರು ಮಾತ್ರ. ಅದರ ಹೊಟ್ಟೆ ಚಿಕ್ಕದು. ಮಾಲೀಕರು ಕುಣಿದಾಡುತ್ತಿದ್ದರು: “ರಘು, ಇದರಲ್ಲಿ ಎಷ್ಟು ಬೇಕಾದ್ರೂ ಕಟ್ ಮಾಡು, ಟೆನ್ಶನ್ ನಹೀಂ. ತಪ್ಪಾದ್ರೆ ಒಂದು ಬಟನ್, ಮೊದಲಿನ ಹಾಗೆ!” ನಾನು ತಲೆಯಾಡಿಸಿದೆ.

ಸುದ್ದಿ ಕೇಳಿ ಅಣ್ಣ ಬಂದ. ಕೈಯಲ್ಲಿ ಮಲಾಡಿನ ಮದುವೆಯ ಕ್ಯಾಸೆಟ್. ವಾರ್ಷಿಕೋತ್ಸವದ ಪಾರ್ಟಿ ಇದೆಯಂತೆ. “ಕಂಪ್ಯೂಟರಿಗೆ ಹಾಕಿ ಹೊಸದರ ಹಾಗೆ ಮಾಡು ಕಣೋ. ನಮ್ಮಿಬ್ಬರ ಹೆಸರು ಹಾರಿ ಬರಬೇಕು. ತಾಳಿ ಕಟ್ಟೋದನ್ನ ಸ್ಲೋ ಮೋಶನ್ನಲ್ಲಿ ಇಡು.”

ನಾನು ಹಾಕಿದೆ. ಚಿತ್ರ ತಡೆದು ತಡೆದು ಒಳಗೆ ಬರುತ್ತಿತ್ತು. ತಾಳಿಯ ಗಂಟಿನ ಹತ್ತಿರ ಕಂಪ್ಯೂಟರ್ ನಿಂತುಬಿಟ್ಟಿತು. ಪರದೆಯ ತುಂಬ ಅಣ್ಣನ ಬೆರಳುಗಳು. ಈ ಸಲ ಅವು ನಡುಗುತ್ತಿರಲಿಲ್ಲ.

“ಅಣ್ಣ,” ಎಂದೆ, “ಗಿರಿಜೆ ಏನಾದಳೋ?”

ಅವನು ಸುತ್ತ ನೋಡಿದ. “ಅದನ್ಯಾಕೆ ಈಗ ತೆಗೀತೀಯ? ಅದೆಲ್ಲಾ ಮುಗಿದದ್ದು.”

“ಯಾರಿಗೆ ಮುಗಿದದ್ದು?”

“ನೋಡು ರಘು, ಕತ್ತರಿಸಿದ್ದು ನೀನು. ಹಿರಿಯರ ಮುಂದೆ ಹೇಳಿದ್ದು ನೀನು. ನಾನು ಬರೀ ಕೇಳಿದೆ.”

ಅವನ ಕೆನ್ನೆಗೆ ಹೊಡೆಯಬೇಕೆಂದು ಕೈ ಎದ್ದಿತ್ತು. ಎದ್ದದ್ದು ಹಾಗೆಯೇ ಇಳಿಯಿತು, ಏಕೆಂದರೆ ಆ ನೀಚ ಹೇಳಿದ ಅಷ್ಟೂ ಮಾತು ನಿಜವಾಗಿತ್ತು. ಕ್ಯಾಸೆಟ್ ತೆಗೆದು ಅವನ ಎದೆಗೆ ಒತ್ತಿ, ಹೊರಗೆ ಹೋಗು ಎಂದೆ. ಅಂದೇ ಅಮ್ಮನಿಗೂ ಹೇಳಿದೆ, ಇದನ್ನು ಎಲ್ಲರಿಗೂ ಹೇಳುತ್ತೇನೆ ಎಂದು. ಅಮ್ಮ, “ಆ ಮಕ್ಕಳ ಮುಖ ನೋಡೋ” ಎಂದಳು. ಅಣ್ಣನ ಮಕ್ಕಳ ಮುಖವನ್ನು ನೋಡಿದ್ದೇನೆ. ಮಲಾಡಿನಿಂದ ಬಂದ ಅವರ ತಾಯಿಗೂ ನಾನು ಮೋಸ ಮಾಡಿದ್ದೇನೆ. ಈಗ ಹೇಳಿದರೆ ಅವಳ ಮನೆಗೂ ಬೆಂಕಿ ಬೀಳುತ್ತದೆ. ಗೊತ್ತಿದೆ. ಆದರೆ ಆ ಬೆಂಕಿಯನ್ನು ಇಷ್ಟು ವರ್ಷ ಗಿರಿಜೆಯೊಬ್ಬಳ ಮಡಿಲಲ್ಲಿ ಹಾಕಿಟ್ಟು ನಾವು ಬೆಚ್ಚಗಿದ್ದೆವು.

ಮರುದಿನ ಆಂಟಾಪ್ ಹಿಲ್‌ಗೆ ಹೋದೆ. ಕೇಳುತ್ತ ಹೋದರೆ ಒಂದು ಎಸ್‌ಟಿಡಿ ಬೂತ್ ತೋರಿಸಿದರು. ಗಿರಿಜೆ ಅದನ್ನು ನಡೆಸುತ್ತಿದ್ದಾಳೆ. ಗಾಜಿನ ಗೂಡಿನೊಳಗೆ ಯಾರೋ ಊರಿಗೆ ಫೋನ್ ಮಾಡಿ ಕೂಗುತ್ತಿದ್ದರು. ಅವಳು ತಲೆ ಎತ್ತಿದಳು. ಗುರುತು ಹಿಡಿಯಲು ಒಂದು ಕ್ಷಣವೂ ಬೇಕಾಗಲಿಲ್ಲ. ಕೊರಳಲ್ಲಿ ತಾಳಿ ಇತ್ತೋ ಇಲ್ಲವೋ ನೋಡಲಿಲ್ಲ. ನೋಡುವ ಹಕ್ಕು ನನಗಿಲ್ಲ.

“ಫೋನ್ ಮಾಡಾವಿದ್ರ ಮಾಡು,” ಎಂದಳು. “ಇಲ್ಲಂದ್ರ ಬಾಜು ಸರಿ, ಹಿಂದ ಮಂದಿ ನಿಂತಾರ.”

“ಅತ್ತಿಗೆ, ಒಂದು ಮಾತು ಹೇಳಬೇಕು—”

“ಆ ಹೆಸರಿಲೆ ಕರೀಬ್ಯಾಡ.” ದನಿ ಏರಲಿಲ್ಲ. ಗೂಡಿನವನಿಗೆ ರಸೀದಿ ಹರಿದು ಕೊಟ್ಟು, ಮುಂದಿನವನನ್ನು ಒಳಗೆ ಕಳಿಸಿ, ಆಮೇಲೆ ನನ್ನನ್ನು ನೋಡಿದಳು. “ನನ್ನ ಮುಂದ ಏನ ಹೇಳ್ತಿ? ನನಗ ಗೊತ್ತಿಲ್ದದ್ದು ಏನೈತಿ ನಿನ್ನ ಕಡೆ? ಸುಳ್ಳ ಎಲ್ಲಾರ ಮುಂದ ಹೇಳಿದಿ. ಖರೇ ಅಷ್ಟ ಬಂದು ನನ್ನ ಕಿವ್ಯಾಗ ಹೇಳಾಕತ್ತಿಯಾ? ನಮ್ಮಪ್ಪ ತಲಿ ತಗ್ಗಿಸಿಕೊಂಡೇ ಸತ್ತ. ಹೋಗು, ಆ ಎಲ್ಲಾರ ಮುಂದ ಹೇಳು.”

ಹಿಂದೆ ನಿಂತವನು ನನ್ನನ್ನು ತಳ್ಳಿ ಮುಂದೆ ಬಂದ. ನಾನು ಸರಿದೆ.

ಅದಕ್ಕೇ ಇದನ್ನು ಅಚ್ಚಿಗೆ ಕೊಡುತ್ತಿದ್ದೇನೆ. ಕ್ಷಮೆ ಕೇಳುತ್ತಿಲ್ಲ, ಅವಳು ಕೊಡಬಾರದು. ರಾಮರಾಯರ ಮನೆಗೂ ಹೋಗಿದ್ದೆ. “ಹಳೇದನ್ನ ಕೆದಕಿ ಯಾರಿಗೇನು ಲಾಭ?” ಎಂದರು. ಅಂದು ಒಬ್ಬ ಮೇಸ್ತ್ರಿಯ ಮಾತಿಗಿಂತ, ಇಡೀ ಚಾಳಿನ ಮಾತಿಗಿಂತ ನನ್ನ ಒಂದು ಮಾತು ಹೆಚ್ಚು ತೂಗಿತಲ್ಲ ರಾಯರೇ? ಈಗ ಅದೇ ಬಾಯಿ ಬೇರೆ ಮಾತು ಹೇಳುತ್ತಿದೆ. ಬಂದು ಕೇಳಿ.

ಶಾಲೆಯ ಕೋಣೆ ಕೇಳಿದ್ದೇನೆ, ಬರುವ ಭಾನುವಾರಕ್ಕೆ ಕೊಟ್ಟಿದ್ದಾರೆ. ಚಾಳಿನ ಮನೆಮನೆಗೂ ಹೋಗಿ ಕರೆದಿದ್ದೇನೆ. ಕೆಲವರು ಬೈದರು, ಒಬ್ಬ ಮುದುಕ ಉಗಿದ. ಅಣ್ಣ ಬರುವುದಿಲ್ಲ. ಗಿರಿಜೆ ಬರುತ್ತಾಳೋ ಇಲ್ಲವೋ ತಿಳಿಯದು. ಯಾರೂ ಬರದಿದ್ದರೆ ಚಾಳಿನ ಅಂಗಳದಲ್ಲಿ ನಿಂತು, ಹೋಗುವವರು ಬರುವವರಿಗೆಲ್ಲ ಕೇಳುವಂತೆ ಹೇಳುತ್ತೇನೆ: ಮಲ್ಲಪ್ಪ ಹೇಳಿದ್ದು ನಿಜ. ನನ್ನ ಅಣ್ಣ ಗಿರಿಜೆಗೆ ತಾಳಿ ಕಟ್ಟಿದ. ನಾನು ನೋಡಿದೆ.